ಮಡಿಯಲ್ಲಿ ಸಿಕ್ಕ ಶಂಖ

ನನ್ನ ತಾಯಿ ಜಾನಕೀಬಾಯಿಗೆ ಎಂಬತ್ತು ದಾಟಿದೆ, ಸ್ಟೂಲು ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಆದರೂ ಅವತ್ತು ಬೆಳಿಗ್ಗೆ ಸ್ಟೂಲು ಹತ್ತಿ, ಕಪಾಟಿನ ಮೇಲಿದ್ದ ನನ್ನ ಮಗಳ ರಟ್ಟಿನ ಡಬ್ಬಿ ಇಳಿಸಿ, ಹತ್ತಿಯಲ್ಲಿ ಸುತ್ತಿಟ್ಟ ಶಂಖವನ್ನು ತೆಗೆದು ಲಕ್ಷ್ಮೇಶ್ವರಕ್ಕೆ ಕಳಿಸಿಬಿಟ್ಟಿದ್ದಳು. ಅದನ್ನು ಹೇಳಿದ್ದು ಮಧ್ಯಾಹ್ನ ನಮಗೆ ಸಾರು ಬಡಿಸುವಾಗ, ದೊಡ್ಡ ಪುಣ್ಯ ಕಟ್ಟಿಕೊಂಡವಳ ಮುಖ ಮಾಡಿಕೊಂಡು.

“ಗೋದೂನ ಮನ್ಯಾಗಿನ ಶಂಖ ಸೀಳ್ಯದಂತ. ಸೀಳಿದ್ದು ಪೂಜಾಕ್ಕ ನಡೀತದೇನು? ಇವತ್ತ ಸಂಜೀಕ ಅವರಲ್ಲೆ ಸತ್ಯನಾರಾಯಣ. ವಿಶ್ರುತ ಬಂದಿದ್ದ, ಕೊಟ್ಟು ಕಳಿಸಿದೆ. ಶಂಖಾನ ರಟ್ಟಿನ ಡಬ್ಬ್ಯಾಗ ಇಡ್ತಾರೇನು? ಮ್ಯಾಲೆ ಶಾಯೀಲೆ ನಂಬರ ಬ್ಯಾರೆ! ಎಷ್ಟು ಹೊಲಸಾಗಿತ್ತು ಅಂತೀ!”

ಗೋದೂ ಎಂದರೆ ಅವಳ ತಂಗಿ ಗೋದೂಬಾಯಿ, ನನ್ನ ಮೌಶಿ. ವಿಶ್ರುತ ಮೌಶಿಯ ಮಗ.

ನನ್ನ ಮಗಳು ಹರ್ಷಾ ತುತ್ತನ್ನು ತಟ್ಟೆಗೆ ಬಿಟ್ಟಳು. “ಅಜ್ಜೀ, ಅದನ್ನ ತೊಳೀತಾರೇನು?”

“ತೊಳೀದ ದೇವರ ಮುಂದ ಇಡ್ತಾರೇನು? ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಬೆಳ್ಳಗ ಫಳಫಳ ಅಂತದ.”

ಹರ್ಷಾ ಎದ್ದೇಬಿಟ್ಟಳು. ಕೈ ಕೂಡ ತೊಳೆಯಲಿಲ್ಲ.

ಇಲ್ಲಿ ನನ್ನ ಮಗಳ ವಿದ್ಯೆಯ ಬಗ್ಗೆ ಹೇಳಬೇಕು. ಕಾರವಾರದಲ್ಲಿ ಸಮುದ್ರಜೀವಿಗಳ ಮೇಲೆ ಎಂ.ಎಸ್ಸಿ. ಮಾಡಿ, ಈಗ ದೂರದ ಒಂದು ಮ್ಯೂಸಿಯಮ್ಮಿನಲ್ಲಿ ತರಬೇತಿಗಿದ್ದಾಳೆ. ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಗುರುತಿಸುವುದು, ಅವು ಕೆಡದಂತೆ ಕಾಪಾಡುವುದು ಅವಳ ಕೆಲಸ. ಕೆರೆಯ ನೀರೇ ನೆಟ್ಟಗೆ ಕಾಣದ ಗದಗಿನಲ್ಲಿ ಹುಟ್ಟಿ ಸಮುದ್ರದ ಹುಳ ಆರಿಸಲು ಹೋದಳೆಂದು ನಾನೇ ಛೇಡಿಸುತ್ತಿದ್ದೆ. ಆ ಶಂಖದಲ್ಲಿ ಅವಳಿಗೆ ಬೇಕಾಗಿದ್ದು ಶಂಖವಲ್ಲ, ಅದರ ಬೆನ್ನಿಗೆ ಅಂಟಿದ್ದ ಬಿಳಿ ಪೊರೆ. ಬರಿಗಣ್ಣಿಗೆ ಅದು ಸುಣ್ಣದ ಕಲೆ. ಹಿಂದಿನ ರಾತ್ರಿ ಮಸೂರ ಕೊಟ್ಟು ತೋರಿಸಿದಾಗ ಸೀರೆಯ ಮೇಲಿನ ಕಸೂತಿಯಂತೆ ಕಂಡಿತ್ತು. ಒಂದೊಂದು ಕಣ್ಣೂ ಒಂದೊಂದು ಸಣ್ಣ ಪ್ರಾಣಿಯ ಮನೆಯಂತೆ. ಒಂದು ಅಂಚಿನಲ್ಲಿ ಮಾತ್ರ ಅವುಗಳ ತತ್ತಿಗೂಡುಗಳಿದ್ದವು. ಆ ಗೂಡಿನ ಆಕಾರ ನೋಡಿಯೇ ಇದು ಯಾರೂ ಹೆಸರಿಡದ ಜಾತಿ ಎಂದು ಅವಳೂ ಅವಳ ಗುರುಗಳೂ ತೀರ್ಮಾನಿಸಿದ್ದರು. ಫೋಟೋ, ಚಿತ್ರ ಎಷ್ಟಿದ್ದರೂ ಸಾಲದು. ಮೂಲ ವಸ್ತು ಮ್ಯೂಸಿಯಮ್ ಸೇರಬೇಕು, ಬೇಕೆಂದವರಿಗೆ ನೋಡಲು ಸಿಗಬೇಕು, ಆಗಲೇ ಹೆಸರು. ಅದನ್ನು ಕಾರವಾರದಿಂದ ಒಯ್ಯುವ ದಾರಿಯಲ್ಲಿ ಒಂದು ದಿನ ನಮ್ಮಲ್ಲಿ ಉಳಿದಿದ್ದಳು. ಅಂಥದ್ದು ಮತ್ತೊಂದು ಸಿಕ್ಕಿರಲಿಲ್ಲ.

“ಅದು ಪೂರಾ ಸುಣ್ಣ, ಅಪ್ಪಾ. ಹುಳಿ ಬಿದ್ರ ನೊರಿಯಾಗಿ ಹೋಗಿಬಿಡ್ತದ,” ಎಂದು ಖಾಲಿ ಡಬ್ಬಿ, ಮಸೂರ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತ ಹೇಳಿದಳು.

ವಿಶ್ರುತನ ಫೋನು ಬಂದ್ ಆಗಿತ್ತು. ಮೌಶಿಯ ಫೋನು ಬಡಿದುಕೊಂಡೇ ಇತ್ತು. ಮಡಿಯುಟ್ಟ ಮೇಲೆ ಅವಳು ಫೋನು ಮುಟ್ಟುವುದಿರಲಿ, ಫೋನು ಮುಟ್ಟಿದವರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಾನು ಓಡಿಹೋಗಿ ಪಕ್ಕದ ಮನೆಯ ಅಬ್ದುಲಗನಿಯನ್ನು ಎಬ್ಬಿಸಿದೆ. ಅವನದು ಬಾಡಿಗೆ ಕಾರು.

“ಏನಾತ್ರಿ, ಯಾರಿಗೆ ಆರಾಮಿಲ್ಲ?”

“ಶಂಖಕ್ಕ,” ಎಂದೆ. ಅವನು ನನ್ನ ಮುಖ ನೋಡಿ ಕಾರು ತೆಗೆದ.

ನಮ್ಮ ಕಡೆಯ ಮಾಗಡಿ ತನಕ ದಾರಿ ತೆರವಾಗಿತ್ತು. ಅಲ್ಲಿನ ಕೆರೆಗೆ ಚಳಿಗಾಲಕ್ಕೆ ಬರುವ ಹಕ್ಕಿಗಳು ಹಿಂಡಾಗಿ ಹೊಲಕ್ಕೆ ಇಳಿದಿದ್ದವು. ಬೇರೆ ದಿನವಾಗಿದ್ದರೆ ಹರ್ಷಾ ಕಾರು ನಿಲ್ಲಿಸುತ್ತಿದ್ದಳು, ಅಂದು ಕತ್ತೆತ್ತಲಿಲ್ಲ. ಯಳವತ್ತಿಯ ಹತ್ತಿರ ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದರು. ಉಳಿದ ಅರ್ಧಕ್ಕೆ ಟ್ರ್ಯಾಕ್ಟರು ಅಡ್ಡ ನಿಂತಿತ್ತು.

“ಜಲ್ದಿ ತೆಗೀರಪಾ!” ಎಂದು ಅಬ್ದುಲಗನಿ ಕೂಗಿದ.

“ಚೀಲ ತುಂಬಾಕ ಹತ್ತೇವಿ, ಕಾಣಂಗಿಲ್ಲೇನು?”

“ಕಾಳಿನ ಮ್ಯಾಲೆ ಹೊಡೀಲೇನ್ರಿ?” ಎಂದು ಅವನು ನನ್ನನ್ನು ಕೇಳಿದ.

“ಬ್ಯಾಡ,” ಎಂದಳು ಹರ್ಷಾ. ಉಗುರು ಕಚ್ಚುತ್ತ ಕೂತಳು. ಒಂದೊಂದು ಚೀಲ ಎತ್ತುವಾಗಲೂ ನನಗೆ ಮೌಶಿಯ ಕೈಯೇ ಕಣ್ಣಿಗೆ ಕಟ್ಟುತ್ತಿತ್ತು. ಆ ಕೈ ತಿಕ್ಕಿದ ತಂಬಿಗೆಯಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು.

ಲಕ್ಷ್ಮೇಶ್ವರದ ಮನೆಯ ಬಾಗಿಲು ತೆರೆದಿತ್ತು. ಹಿತ್ತಿಲಿನಲ್ಲಿ, ಬಾವಿಯ ಕಟ್ಟೆಯ ಪಕ್ಕ, ಮೌಶಿ ಒದ್ದೆ ಸೀರೆಯಲ್ಲಿ ಕುಳಿತಿದ್ದಳು. ತೊಳೆದಿಟ್ಟ ಹಿತ್ತಾಳೆಯ ಸಾಮಾನು ಬಿಸಿಲಿಗೆ ಹೊಳೆಯುತ್ತಿದ್ದವು. ಎಡಗೈಯಲ್ಲಿ ಶಂಖ, ಬಲಗೈಯಲ್ಲಿ ಹುಣಸೆಹಣ್ಣಿನ ಮುದ್ದೆ.

“ಗೋದಜ್ಜೀ, ತಿಕ್ಕಬ್ಯಾಡ್ರಿ!”

“ಅಲ್ಲೇ ನಿಲ್ಲು! ಮಡೀಲೆ ಇದ್ದೀನಿ,” ಎಂದಳು ಮೌಶಿ. ಕೈ ಮಾತ್ರ ನಿಲ್ಲಲಿಲ್ಲ. “ಏನ ಹೊಲಸವ್ವಾ ಇದು, ಬಾಯಿ ಕಡೆ ಬೆಳ್ಳಗಾತು, ಬೆನ್ನು ಇನ್ನೂ ಬಿಡವಲ್ಲದು.”

“ಅದು ಹೊಲಸಲ್ಲರೀ ಅಜ್ಜಿ! ಅದ ನನಗ ಬೇಕಾಗಿದ್ದು!”

“ಹೊಲಸು ಬೇಕಂತ! ಪೂಜಾ ಆಗ್ಲಿ, ಮಾತಾಡೂಣು.” ಮುದ್ದೆ ಮತ್ತೆ ಬೆನ್ನಿನ ಮೇಲೆ ಹೋಯಿತು.

ಹರ್ಷಾ ಹೊಸ್ತಿಲಲ್ಲಿ ನಿಂತುಬಿಟ್ಟಿದ್ದಳು. ಊರೂರು ತಿರುಗಿ ಓದಿದ ಹುಡುಗಿ, ಆದರೂ ಹುಟ್ಟಿದಾಗಿನಿಂದ ಕಲಿತ ಆ ಗೆರೆ ದಾಟಲು ಅವಳ ಕಾಲು ಬರಲಿಲ್ಲ. ನನಗೂ ಅದೇ ಕಾಲು. ನಲವತ್ತು ವರ್ಷ ತಹಶೀಲ್ದಾರ ಕಚೇರಿಯಲ್ಲಿ ಯಾರಿಗೂ ಎದುರಾಡದ ಮನುಷ್ಯ ನಾನು, ಮೌಶಿಗಂತೂ ಕನಸಿನಲ್ಲೂ ಇಲ್ಲ. ಮಗಳ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ಚಿಕ್ಕವಳಿದ್ದಾಗ ಬಿದ್ದು ಮೊಳಕಾಲು ತರಚಿಸಿಕೊಂಡಾಗ ಬರುತ್ತಿದ್ದ ಸದ್ದು. ನನಗೆ ತಡೆಯಲಾಗಲಿಲ್ಲ. ಚಪ್ಪಲಿಗಾಲಲ್ಲೇ ಹೋಗಿ ಮೌಶಿಯ ಮಣಿಕಟ್ಟು ಹಿಡಿದುಕೊಂಡೆ.

ಮೌಶಿ ನನ್ನ ಕೈ ನೋಡಿದಳು, ಚಪ್ಪಲಿ ನೋಡಿದಳು.

“ಪ್ರಹ್ಲಾದಾ, ಮುಟ್ಟಿದೆಲ್ಲೋ!”

ಹರ್ಷಾ ಶಂಖವನ್ನು ಕಸಿದು ತಣ್ಣೀರಿನಲ್ಲಿ ಅದ್ದಿ ತೆಗೆದಳು. ಕಟ್ಟೆಯ ಮೇಲೆ ಕೂತು ಮಸೂರವನ್ನು ಕಣ್ಣಿಗೆ ಹಿಡಿದಳು. ಬೆನ್ನಿನ ಬಹುಪಾಲು ನುಣ್ಣಗೆ ಬೆಳ್ಳಗಾಗಿತ್ತು. ಶಂಖವನ್ನು ಅವಳು ತಿರುಗಿಸುತ್ತ ಹೋದಳು. ಮೌಶಿ ಬಯ್ಯುವುದನ್ನೂ ಮರೆತು ನೋಡುತ್ತಿದ್ದಳು.

“ಅಂಚು ಉಳದದ,” ಎಂದಳು ಕೊನೆಗೆ. “ಉಗುರಿನಷ್ಟು. ಗೂಡು ಅವ. ಸಾಕು.” ಹೇಳಿ ಗಳಗಳ ಅತ್ತಳು.

ಮೌಶಿ ಎದ್ದು ಬಚ್ಚಲಿಗೆ ಹೋದಳು. ಮಾರ್ಗಶಿರದ ಚಳಿಯಲ್ಲಿ, ಆ ವಯಸ್ಸಿನಲ್ಲಿ, ಮತ್ತೆ ತಲೆಯ ಮೇಲೆ ತಣ್ಣೀರು. ಒಂದೊಂದು ತಂಬಿಗೆಯ ಸದ್ದಿಗೂ ನಾನು ನಾಚಿ ಕುಗ್ಗಿದೆ.

ಅಷ್ಟರಲ್ಲಿ ಹರ್ಷಾ ಒಂದು ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆಯತೊಡಗಿದ್ದಳು: ಬೆನ್ನಿನ ಭಾಗ ಹುಣಸೆಹುಳಿಯಿಂದ ಹಾಳಾಗಿದೆ, ತೊಳೆದವರು ಮನೆಯವರು.

“ಹಾದ್ಯಾಗ ತಿಕ್ಕ್ಯಾಡಿ ಹೋತು ಅಂತ ಬರಿ,” ಎಂದೆ. “ಕಾಳಜಿ ಇಲ್ಲದಾಕಿ ಅಂತ ತರಬೇತಿಯಿಂದ ತೆಗದ್ರ ಏನ ಮಾಡ್ತೀ?”

“ತೆಗದ್ರ ತೆಗೀಲಿ, ಅಪ್ಪಾ. ನಾನಿಲ್ಲದ ಕಾಲಕ್ಕ ಯಾರೋ ಇದನ್ನ ನೋಡಿ, ಮೊದಲಿಂದನ ಹಿಂಗ ಇತ್ತು ಅಂದ್ಕೋಬಾರದು.”

ಮೌಶಿ ನೀರಿಳಿಯುವ ಸೀರೆಯಲ್ಲಿ ಬಂದು ನಿಂತಳು, ನಡುಗುತ್ತಿದ್ದಳು. ಆ ಉಗುರಿನಷ್ಟು ಕಲೆಯನ್ನು ನೋಡಲು ಬಗ್ಗಿ ಬೆರಳು ಚಾಚಿದಳು.

“ಮುಟ್ಟಬ್ಯಾಡ್ರಿ ಅಜ್ಜಿ!” ಹರ್ಷಾಳ ಬಾಯಿಂದ ಬಂದುಹೋಯಿತು.

ಜನ್ಮವಿಡೀ ಊರಿಗೆಲ್ಲ ಆ ಮಾತು ಹೇಳಿದವಳಿಗೆ ಅದನ್ನು ಯಾರೂ ತಿರುಗಿ ಹೇಳಿರಲಿಲ್ಲ. ಈಗ ಬೈಗುಳ ಕಾದಿದೆ ಎಂದುಕೊಂಡೆ. ಆದರೆ ಮೌಶಿ ಕೈ ಹಿಂದೆ ಕಟ್ಟಿಕೊಂಡು ಸರಿದು ನಿಂತಳು.

“ಚೀಟ್ಯಾಗ ಏನ ಬರದೀ? ಓದು.”

ಹರ್ಷಾ ಓದಿದಳು.

“ಮನೆಯವರು ಅಂದ್ರ ಯಾರು? ನಮ್ಮಕ್ಕನ ಮ್ಯಾಲೆ ಬರ್ತದ ಅದು. ತಿಕ್ಕಿದಾಕಿ ನಾನು. ಗೋದೂಬಾಯಿ, ಲಕ್ಷ್ಮೇಶ್ವರ ಅಂತ ಬರಿ.”

ಹರ್ಷಾ ಬರೆದು ಚೀಟಿಯನ್ನು ಡಬ್ಬಿಯೊಳಗೆ ಇಟ್ಟಳು. ಸಂಜೆ ಸತ್ಯನಾರಾಯಣನಿಗೆ ಶಂಖ ಇರಲಿಲ್ಲ. ವಿಶ್ರುತ ಅಂಗೈಯಲ್ಲೇ ನೀರು ಹಿಡಿದು ದೇವರ ಮೇಲೆ ಬಿಟ್ಟ.