ಹೊತ್ತು ಮುಳುಗುವುದರೊಳಗೆ ಊಟ

ಮಂಗಲಳಿಗೆ ಅವತ್ತು ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಬೆಳಗಿನಿಂದ ಮೂರನೇ ಸಲ ಮಂಚ ಎಣಿಸಿದ್ದಳು. ಎಣಿಸಿದರೆ ಮಂಚದ ಮೇಲೆ ಮನುಷ್ಯರು ಹುಟ್ಟುತ್ತಾರೆಯೇ? ಮಂಚ ಇಪ್ಪತ್ನಾಲ್ಕು, ಮಲಗುವವರು ಮೂವರು. ಒಬ್ಬ ಜಡ್ಡಿನ ಮುದುಕ, ಇನ್ನಿಬ್ಬರು ಗುಡಿಯ ಮುಂದೆ ಬೇಡಿ ಉಣ್ಣುವವರು. ಉಳಿದ ಇಪ್ಪತ್ತೊಂದು ಮಂಚದ ಮೇಲೆ ಹಾಸಿದ ಚಾದರ ಹಾಸಿದ ಹಾಗೇ ಇತ್ತು, ಒಂದು ಸುಕ್ಕಿಲ್ಲ.

ಅಥಣಿ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿತ್ತು ಈ ಆಸರೆ ಮನೆ. ಮನೆ ಇಲ್ಲದವರು ರಾತ್ರಿ ಬಂದು ಉಂಡು ಮಲಗಲಿ ಎಂದು ಮಂಗಲಳ ಮಾವ ಕಾಕಾಸಾಹೇಬರು ತಮ್ಮ ಹಳೇ ದಿನಸಿ ಗೋದಾಮು ಬಿಟ್ಟುಕೊಟ್ಟಿದ್ದರು. ಅಲ್ಲಿ ಏನು ಕಡಿಮೆಯಿತ್ತು, ಹೇಳಿ ನೋಡೋಣ! ಹೊಸ ಗಾದಿ, ಬಿಸಿನೀರು, ಹೆಂಗಸರಿಗೆ ಬೇರೆ ಕೋಣೆ, ಗಂಟುಮೂಟೆ ಇಡಲು ಕೀಲಿ ಹಾಕುವ ಕಪಾಟು, ವಾರಕ್ಕೊಮ್ಮೆ ಡಾಕ್ಟರು. ಒಂದೂ ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಜನ ಬಸ್ ಸ್ಟ್ಯಾಂಡಿನ ತಣ್ಣನೆ ಕಲ್ಲಿನ ಮೇಲೇ ಮುದುಡಿ ಮಲಗುತ್ತಿದ್ದರು.

ಎರಡು ದಿನಕ್ಕೆ ಶುಕ್ರವಾರ. ಅವತ್ತು ಮಂಚ, ಗಾದಿ, ಡಾಕ್ಟರ ಖರ್ಚು ಕೊಡುವ ಸರಕಾರಿ ಆಫೀಸಿನ ಸಾಹೇಬರು ನೋಡಲು ಬರುವವರಿದ್ದರು. ಫೋನಿನಲ್ಲೇ ಖಡಾಖಂಡಿತ ಹೇಳಿಬಿಟ್ಟಿದ್ದರು: "ಅರ್ಧಾನರ ತುಂಬಿದ್ರ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡಕ್ಕೂ ಇಂಥಾದ್ದೊಂದೊಂದು ತಗೀತೀವಿ ಬಾಯಾರ. ಖಾಲಿ ಇತ್ತಂದ್ರ ಇದಕ್ಕೂ ಬಾಗಲಾ ಹಾಕ್ಬೇಕಾಗ್ತೈತಿ." ಅಂದರೆ ಹನ್ನೆರಡು ಜನ ಬೇಕು. ಎಲ್ಲಿಂದ ತರುವುದು?

ಬಾಗಿಲು ಹಾಕುವ ಮಾತನ್ನು ಮಂಗಲ ಕೇಳಲು ತಯಾರಿರಲಿಲ್ಲ. ಹೋದ ಚಳಿಗಾಲದಲ್ಲಿ ಅದೇ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಬೆಳಗಾಗುವಷ್ಟರಲ್ಲಿ ಸೆಟೆದು ಹೋಗಿದ್ದಳು. ಹಿಂದಿನ ಸಂಜೆ ಮಿರಜ ಬಸ್ಸು ಇಳಿದ ಮಂಗಲ ಅವಳನ್ನು ಕಂಡಿದ್ದಳು. ಅವಳು ನಡುಗುತ್ತಿದ್ದದ್ದನ್ನೂ ಕಂಡಿದ್ದಳು. ಮನೆಗೆ ಹೋಗಿ ಒಂದು ರಗ್ಗು ಕಳಿಸಬೇಕು ಅಂದುಕೊಂಡು ಮರೆತುಬಿಟ್ಟಿದ್ದಳು. ಆ ಮರೆವು ಇವತ್ತಿಗೂ ಅವಳನ್ನು ತಿನ್ನುತ್ತಿತ್ತು. ಮಾವನ ಬೆನ್ನು ಹತ್ತಿ ಗೋದಾಮು ಬಿಡಿಸಿಕೊಂಡದ್ದು ಅದಕ್ಕೇ.

ಗೋದಾಮಿನ ಜೊತೆ ಊಟದ ಖರ್ಚನ್ನೂ ಕಾಕಾಸಾಹೇಬರೇ ಹೊತ್ತುಕೊಂಡಿದ್ದರು. ಜೋಳ, ಅಕ್ಕಿ, ಬೇಳೆ ಎಲ್ಲ ಮನೆಯಿಂದಲೇ. ಅವರು ಕೇಳಿಕೊಂಡದ್ದು ಎರಡೇ ಮಾತು: ಅಡುಗೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಬೇಡ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಜೈನರ ಮನೆಯಲ್ಲಿ ಇದೇನು ಹೊಸ ಮಾತೇ? ಮಂಗಲ ತವರಿನಲ್ಲೂ ಹಾಗೇ ಬೆಳೆದವಳು. ಕತ್ತಲಾದ ಮೇಲೆ ತುತ್ತು ಬಾಯಿಗಿಟ್ಟದ್ದು ಅವಳಿಗೆ ನೆನಪೇ ಇಲ್ಲ.

ಜನ ಬರದಿದ್ದಾಗ ಅವಳಿಗೆ ಮೊದಲು ಹೊಳೆದದ್ದು ಉಳ್ಳಾಗಡ್ಡಿ. ಸಪ್ಪನೆ ಪಲ್ಯಕ್ಕೆ ಯಾರು ಬಂದಾರು ಅಂತ ಮಾವನ ಹತ್ತಿರ ಹೋಗಿ ಕೇಳಿದ್ದಳು. ಕಾಕಾಸಾಹೇಬರು ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟರು. ನಾಲ್ಕನೇ ದಿನ "ಹಾಕ್ಕೋರಿ. ನನ್ನ ಕಣ್ಣಿಗೆ ಬೀಳಬಾರದು" ಅಂದರು. ಅಡುಗೆಯ ಗಿರಿಜವ್ವ ಅವತ್ತೇ ಜೋರು ಒಗ್ಗರಣೆ ಕೊಟ್ಟಳು, ಘಮ ಇಡೀ ಓಣಿಗೆ ಹಬ್ಬಿತು. ಬಂದವರು ಅದೇ ಮೂವರು!

"ಏನ್ ಮಂದಿ ಇವ್ರು! ಕರದ್ರ 'ಹೂಂ' ಅಂತಾರ, ಬರಂಗಿಲ್ಲ. ಇವ್ರಿಗೆ ಬಯಲಾಗೇ ಛಲೋ ಅನಸ್ತೈತಿ ಬಿಡ" ಎಂದು ಗಿರಿಜವ್ವನ ಮುಂದೆ ಹಾರಾಡಿದ ಮಂಗಲ, ಮಧ್ಯಾಹ್ನ ನಾಲ್ಕಕ್ಕೆ ಗಾಡಿ ಹತ್ತಿ ಸೀದಾ ಬಸ್ ಸ್ಟ್ಯಾಂಡಿಗೆ ಹೋದಳು.

ಸುಂದ್ರವ್ವ ತನ್ನ ಕಂಬದ ಹತ್ತಿರ ಶೇಂಗಾ ಹುರಿಯುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಅವಳ ಗುಡಿಸಲು ಹೋಗಿತ್ತು. ಅಂದಿನಿಂದ ಹಗಲು ಆ ಕಂಬದ ಬುಡವೇ ಅಂಗಡಿ, ರಾತ್ರಿ ಅದೇ ಮನೆ. ಪಕ್ಕದಲ್ಲಿ ಮಾರ್ಕೆಟ್ ಯಾರ್ಡಿನ ಹಮಾಲ ಸತ್ಯಪ್ಪ ಸಂಜೆಯ ಲಾರಿಗೆ ಹೋಗುವ ಮೊದಲು ನಳದಲ್ಲಿ ಮುಖ ತೊಳೆಯುತ್ತಿದ್ದ. ಅವನೂ ಅದೇ ಸ್ಟ್ಯಾಂಡಿನ ಬಾಡಿಗೆ ಇಲ್ಲದ ಬಾಡಿಗೆದಾರ.

"ಸುಂದ್ರವ್ವಾ, ನಾ ಎಷ್ಟ ಸರ್ತಿ ಬಂದ ಕರದೀನಿ? ನಿನಗೂ ಸಾಕಾಗಿಲ್ಲ, ನನಗೂ ಸಾಕಾಗಿಲ್ಲ. ಇವತ್ತ ಖರೇ ಹೇಳು. ಯಾಕ ಬರವಲ್ಲಿ?"

"ಬರ್ತೀನ್ರಿ ಅಕ್ಕಾರ. ನಾಳೆ…"

"ನಿನ್ನ ನಾಳಿಗೆ ಬೆಂಕಿ ಹತ್ತಲಿ! ನಾಡಿದ್ದು ಅದನ್ನ ಮುಚ್ಚತಾರ. ಏನ ಕಡಿಮಿ ಐತಿ ಹೇಳಲ್ಲ?"

ಸುಂದ್ರವ್ವ ಸತ್ಯಪ್ಪನ ಮುಖ ನೋಡಿದಳು. ಸತ್ಯಪ್ಪ ನೆಲ ನೋಡಿದ.

"ಅನ್ನ ಹಾಕೋರಿಗೆ ಹೆಸರಿಡಬಾರದ್ರಿ, ತಪ್ಪ ತಗೀಬಾರದ್ರಿ ಅಂತ ಸುಮ್ಮನಿದ್ವಿ" ಎಂದಳು ಸುಂದ್ರವ್ವ. "ಬಯ್ಯಂಗಿಲ್ಲ ಅಂದ್ರ ಹೇಳ್ತೀನಿ. ನೀವು ಊಟ ಹಾಕೋದು ಐದಕ್ಕ. ನನ್ನ ಧಂದೆ ಚಾಲೂ ಆಗೋದ ಐದಕ್ಕ. ಸಾಲಿ, ಕಚೇರಿ ಬಿಟ್ಟ ಮಂದಿ ಬಸ್ ಹತ್ತೋದು ಐದರಿಂದ ಏಳೂವರಿ ತನಕ. ಆವಾಗ ಎದ್ದ ಬಂದ್ರ ನಾಳಿಗೆ ಶೇಂಗಾ ಹ್ಯಾಂಗ ತರ್ಲಿ?"

"ನಾ ಒಂದಿನಾ ಬಂದಿದ್ನಿರಿ" ಎಂದ ಸತ್ಯಪ್ಪ. "ಲಾರಿ ಇಳಸೂದ್ರಾಗ ಏಳಾಗಿತ್ತ. ಅಡಗಿಮನಿಗೆ ಕೀಲಿ. ಹಸದ ಹೊಟ್ಟೀಲೆ ಮೆತ್ತನ್ನ ಗಾದಿ ಮ್ಯಾಲ ಬಿದ್ಕೊಂಡ್ನಿ, ನಿದ್ದಿ ಹತ್ತಲಿಲ್ಲ. ಇಲ್ಲಾದ್ರ ಹೊಟೇಲದವ್ರು ಎಂಟಕ್ಕ ಉಳದ ಅನ್ನರ ಕೊಡ್ತಾರ್ರಿ. ಬೇಡಾವ್ರಿಗೆ ಐದಕ್ಕ ಆಗ್ತೈತಿ. ನಾವ ದುಡಿಯೋ ಮಂದಿ, ನಮಗ ಮನಿ ಒಂದ ಇಲ್ಲ ನೋಡ್ರಿ."

ಮಂಗಲಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಯ್ಯೋ, ಇಷ್ಟು ದಿನ ಗಾದಿ ಮೆತ್ತಗಿದೆಯೇ, ನೀರು ಬಿಸಿಯಿದೆಯೇ ಎಂದು ನೋಡಿದ್ದೇ ನೋಡಿದ್ದು! ಗಡಿಯಾರದ ಕಡೆ ಒಮ್ಮೆಯೂ ನೋಡಿರಲಿಲ್ಲವಲ್ಲ. ಅವಳ ಪಾಲಿಗೆ ಐದು ಗಂಟೆ ಊಟದ ಹೊತ್ತಾಗಿತ್ತು, ಹಾಗಾಗಿ ಊರಿಗೆಲ್ಲ ಊಟದ ಹೊತ್ತಾಗಿತ್ತು. ಗಾಡಿ ತಿರುಗಿಸಿದವಳು ಮನೆ ಮುಟ್ಟುವ ತನಕ ತನ್ನನ್ನೇ ತಾನು ಬೈದುಕೊಂಡಳು.

ಮನೆಯಲ್ಲಿ ಕಾಕಾಸಾಹೇಬರು ಆಗತಾನೇ ತಾಟಿನ ಮುಂದೆ ಕೂತಿದ್ದರು. ಎಪ್ಪತ್ತೆಂಟರ ಎತ್ತರದ ಮುದುಕ. ಹತ್ತಾರು ಎಕರೆ ಕಬ್ಬು, ದ್ರಾಕ್ಷಿ ಇದ್ದರೂ ಮನೆಯಲ್ಲಿ ತೊಡುವುದು ಹೊಲಿಗೆ ಹಾಕಿದ ಬನಿಯನ್, ಹೊದೆಯುವುದು ತೂತು ಬಿದ್ದ ಶಾಲು. ತಾಟಿಗೆ ಅನ್ನ ಬಿದ್ದಿತ್ತು, ಇನ್ನೂ ಕೈ ಹಾಕಿರಲಿಲ್ಲ. ಮಂಗಲ ನಿಂತೇ ಎಲ್ಲ ಹೇಳಿದಳು. ಊಟ ಎಂಟಕ್ಕೆ ಹಾಕಬೇಕು ಎಂದೂ ಹೇಳಿದಳು.

ಮುದುಕ ತಲೆ ಎತ್ತಲಿಲ್ಲ. "ಉಳ್ಳಾಗಡ್ಡಿ ಕೇಳಿದಿ, ಕೊಟ್ಟೆ. ಇವತ್ತ ಸೂರ್ಯಾನ್ನ ಕೇಳಾಕತ್ತಿ."

"ಮಾಮಾ, ನಿಮಗ ಉಣ್ರಿ ಅನ್ನಾಕತ್ತಿಲ್ಲ. ಅವ್ರಿಗೆ ಹಾಕೂಣು ಅನ್ನಾಕತ್ತೀನಿ."

"ಕತ್ತಲದಾಗ ಒಲಿ ಹೊತ್ತಿಸಿದ್ರ ಎಷ್ಟ ಹುಳಾ ಹುಪ್ಪಡಿ ಬಿದ್ದ ಸಾಯ್ತಾವ ಗೊತ್ತಿಲ್ಲೇನ ನಿನಗ? ನಾನು ಉಂಡ್ರೇನು, ನನ್ನ ಅನ್ನ ಉಣಿಸಿದ್ರೇನು, ಪಾಪ ಅದೇ. ನನ್ನ ಅನ್ನ ಹೊತ್ತಿದ್ದಾಗ ಉಣ್ಣಲಿ."

"ಹುಳಾ ಜೀವಾ, ಖರೇ. ಬಸ್ ಸ್ಟ್ಯಾಂಡನ್ಯಾಗ ಸೆಟದ ಸತ್ತಾಕಿ ಜೀವಾ ಅಲ್ಲೇನ್ರಿ?"

ಇಪ್ಪತ್ತು ವರ್ಷದಲ್ಲಿ ಮಾವನಿಗೆ ಅವಳು ಹೀಗೆ ಎದುರಾಡಿರಲಿಲ್ಲ. ಕಾಕಾಸಾಹೇಬರ ಮುಖ ಕೆಂಪೇರಿತು.

"ಮಂದಿ ನಿನ್ನ ಮುಂದ ಸುಳ್ಳ ಹೇಳ್ತಾರ, ನೀ ನಂಬತಿ. ಎರಡ ತುತ್ತ ಉಣ್ಣಾಕ ಪುರಸೊತ್ತಿಲ್ಲದ ಬಸ್ ಸ್ಟ್ಯಾಂಡ ಯಾವದೈತಿ, ನಾನ ನೋಡ್ತೀನಿ. ನಡಿ."

"ಮೊದಲ ಉಣ್ರಿ ಮಾಮಾ."

"ಬಂದ ಉಣ್ತೀನಿ. ಇನ್ನೂ ಮುಕ್ಕಾಲ ತಾಸ ಹೊತ್ತೈತಿ."

ಸಿಟ್ಟಿನಲ್ಲಿ ಎದ್ದವರು ಟೋಪಿ ಹಾಕಲಿಲ್ಲ, ಅಂಗಿ ತೊಡಲಿಲ್ಲ, ಚಪ್ಪಲಿಯನ್ನೂ ಮೆಟ್ಟಲಿಲ್ಲ. ಹಾಗೇ ಶಾಲು ಸುತ್ತಿಕೊಂಡು ಗಾಡಿಯ ಹಿಂದೆ ಕೂತರು. ಹೋಗುವಾಗ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಸಾಲುಗಟ್ಟಿ ನಿಂತಿದ್ದವು. ಮುಂದಿನ ಟ್ರೇಲರಿನ ಗಾಲಿ ಕಿತ್ತಿತ್ತಂತೆ. ಮಂಗಲ ಹಾರ್ನು ಹೊಡೆದಳು, ಸಂದಿಯಲ್ಲಿ ನುಗ್ಗಲು ನೋಡಿದಳು, ಯಾರದೋ ಜೊತೆ ಜಗಳಕ್ಕೂ ಬಿದ್ದಳು. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಪಡುವಣ ದಿಕ್ಕಿಗೆ. ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿಯೇ ಹೋಗಿತ್ತು. ಮುದುಕನಿಗೆ ಇನ್ನು ನಾಳೆ ಬೆಳಗಿನ ತನಕ ಊಟವಿಲ್ಲ. ಅದಕ್ಕೆ ಕಾರಣ ತಾನು ಎಂದು ಮಂಗಲ ಇನ್ನಷ್ಟು ಕುದಿದಳು.

ಕಾಕಾಸಾಹೇಬರು ಇಳಿದು, "ನೀ ಕಂಬದ ಹಿಂದ ನಿಲ್ಲು. ನಿನ್ನ ಕಂಡ್ರ ನಿನಗ ಬೇಕಾದ್ಹಂಗ ಮಾತಾಡ್ತಾರ" ಎಂದು ಹೇಳಿ ಸುಂದ್ರವ್ವನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತರು.

ಮಂಗಲ ಕಂಬದ ಹಿಂದೆ ನಿಂತಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದಳು, ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಜಮಖಂಡಿ ಬಸ್ಸು ಬಂತು, ಮಿರಜ ಬಸ್ಸು ಬಂತು, ರಾಯಬಾಗದ್ದು ಬಂತು. ಪ್ರತಿ ಬಸ್ಸಿಗೂ ಸುಂದ್ರವ್ವ ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದಳು. ಓಡಿ ಬಂದು ಏದುಸಿರು ಬಿಡುತ್ತಾ ಕೂರುವಷ್ಟರಲ್ಲಿ ಇನ್ನೊಂದು ಬಸ್ಸು. ಮುದುಕ ನೋಡುತ್ತಲೇ ಇದ್ದರು. ಏಳು ದಾಟಿದ ಮೇಲೆ ಸತ್ಯಪ್ಪ ಬಂದ, ಬೆನ್ನಿಗೆ ಚೀಲದ ಧೂಳು ಮೆತ್ತಿತ್ತು. ಅವನ ಹಿಂದೆ ಮತ್ತೆ ನಾಲ್ಕೈದು ಹಮಾಲರು ಬಂದು ಗೋಡೆಗೆ ಒರಗಿದರು. ಚಳಿ ಏರುತ್ತಿತ್ತು. ಕಾಕಾಸಾಹೇಬರ ಬರಿಗಾಲು ನಡುಗುವುದು ಮಂಗಲಳಿಗೆ ಕಂಬದ ಹಿಂದಿನಿಂದಲೇ ಕಂಡಿತು. ಹೋಗಿ ಕೈ ಹಿಡಿದು ಎಬ್ಬಿಸಬೇಕು ಅನಿಸಿತು. ಧೈರ್ಯವಾಗಲಿಲ್ಲ.

ಏಳೂವರೆಗೆ ಸುಂದ್ರವ್ವ ಬುಟ್ಟಿ ಕಟ್ಟಿದಳು. ಆಗ ಅವಳ ಕಣ್ಣು ಪಕ್ಕದಲ್ಲಿ ಕೂತ ಮುದುಕನ ಮೇಲೆ ಬಿತ್ತು. ತೂತು ಶಾಲು, ಬರಿಗಾಲು, ಬಾಡಿದ ಮುಖ.

"ಯಜ್ಜಾ, ಅವಾಗಿಂದ ಕುಂತೀರಿ. ಯಾವ ಊರಿಗೆ ಹೋಗ್ಬೇಕ್ರಿ?"

"ಎಲ್ಲಿಗೂ ಇಲ್ಲವ್ವಾ."

"ಊಟಾ ಆಗೇತೇನ್ರಿ?"

ಕಾಕಾಸಾಹೇಬರು ಶಾಲು ಎಳೆದುಕೊಂಡು, "ಇಲ್ಲವ್ವಾ. ಹೊತ್ತ ಮುಳಗಿತ್ತು" ಎಂದರು.

"ಅಯ್ಯ ಯಪ್ಪಾ, ನೀವೂ ಆ ಆಸರಿ ಮನಿಗೆ ಹೋಗಿದ್ರೇನು!" ಸುಂದ್ರವ್ವ ಲೊಚಗುಟ್ಟಿದಳು. "ತಡಾ ಆಗಿರ್ಬೇಕು, ಕೀಲಿ ಹಾಕಿರ್ತಾರ. ಅದು ಹಂಗ ನೋಡ್ರಿ. ಪುಣ್ಯಾತ್ಮರ ಮನಿ, ಹೆಸರಿಡಬಾರದು. ಆದ್ರ ಹೊತ್ತ ಮುಳಗಿದ್ರ ಅಲ್ಲಿ ತುತ್ತ ಬೀಳಂಗಿಲ್ಲ. ವಯಸ್ಸಾದವ್ರು ನೀವು, ಹಸಗೊಂಡ ಮಲಗಬ್ಯಾಡ್ರಿ. ತಗೋರಿ."

ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದಳು. ಒಂದೇ ಇತ್ತು. ಮುರಿದು, ಎರಡೂ ಚೂರು ನೋಡಿ, ದೊಡ್ಡದನ್ನು ಮುದುಕನ ಕೈಗಿಟ್ಟಳು.

ಮಂಗಲಳಿಗೆ ಇನ್ನು ತಡೆಯಲಾಗಲಿಲ್ಲ. ಕಂಬ ಬಿಟ್ಟು ಈಚೆ ಬಂದಳು. ಕಾಕಾಸಾಹೇಬರ ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆ ತೀರಿಹೋದ ದಿನವೂ ಮಾವನ ಕಣ್ಣಲ್ಲಿ ಅವಳು ನೀರು ಕಂಡಿರಲಿಲ್ಲ.

"ಮಂಗಲಾ, ನೇಮ ಹಿಡದಾವ ನಾನು. ಇಷ್ಟ ದಿನಾ ಉಪಾಸ ಇದ್ದವ್ರು ಇವ್ರು" ಎಂದರು. "ಗಿರಿಜವ್ವಗ ಫೋನ್ ಹಚ್ಚು. ಒಲಿ ಹೊತ್ತಸಲಿ. ಪಾಪ ಬಂದ್ರ ನನಗ ಬರ್ಲಿ."

ಮಂಗಲ ಫೋನು ತೆಗೆದಳು. ಸುಂದ್ರವ್ವನಿಗೆ ಏನೂ ತಿಳಿಯಲಿಲ್ಲ. ಮಂಗಲಳನ್ನು ನೋಡಿದಳು, ಮುದುಕನನ್ನು ನೋಡಿದಳು.

"ಅಕ್ಕಾರ, ಯಾರ್ರಿ ಇವ್ರು?"

ಮಂಗಲ ಬಾಯಿ ತೆರೆಯುವ ಮೊದಲೇ ಕಾಕಾಸಾಹೇಬರು ಹೇಳಿದರು: "ನಾನವ್ವಾ, ಆ ಕೀಲಿ ಹಾಕಿಸಿದಾವ."

ಸುಂದ್ರವ್ವ ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರಿ ಯಪ್ಪಾ" ಎನ್ನುತ್ತಾ ರೊಟ್ಟಿಯ ಚೂರು ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು. ಮುದುಕ ಬಿಡಲಿಲ್ಲ. ಅದನ್ನು ಶಾಲಿನ ಅಂಚಿನಲ್ಲಿ ಗಂಟು ಹಾಕಿಕೊಂಡು, ಗೋಡೆಗೆ ಒರಗಿದ್ದ ಸತ್ಯಪ್ಪನನ್ನೂ ಅವನ ಜೊತೆಯವರನ್ನೂ ಕೈಬೀಸಿ ಕರೆದರು.

"ಏಳ್ರಿ, ಊಟಕ್ಕ ನಡೀರಿ. ನನ್ನ ಊಟದ ಚಿಂತಿ ಮಾಡಬ್ಯಾಡ ಸುಂದ್ರವ್ವಾ. ನಾಳೆ ಹೊತ್ತ ಹುಟ್ಟಿದ ಮ್ಯಾಲ ಮೊದಲ ನಿನ್ನ ರೊಟ್ಟಿ ತಿಂತೀನಿ."