ಬೈಸಿಕೊಂಡು ಉಣ್ಣುವ ಪಿಂಚಣಿ

ಪಿಂಚಣಿ ಬೈಸಿಕೊಳ್ಳದೆ ಊಟ ಮಾಡುತ್ತಿರಲಿಲ್ಲ.

ಪಿಂಚಣಿ ಅಂದರೆ ಬೆಕ್ಕು. ಮಾವ ನಿವೃತ್ತರಾದಾಗ ಅವರಿಗೆ ಬರಬೇಕಿದ್ದ ಪಿಂಚಣಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿತ್ತು. ಅದಕ್ಕಿಂತ ಮೊದಲೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಕುರ್ಚಿ ಹಿಡಿದು ಕೂತದ್ದು ಈ ಬೂದುಬಣ್ಣದ ಮರಿ. "ಸದ್ಯಕ್ಕೆ ಇದೇ ನನ್ನ ಪಿಂಚಣಿ" ಅಂದರಂತೆ ಮಾವ. ಹೆಸರು ನಿಂತಿತು. ಮಾವ ಹೋದರು, ಅವರ ಪಿಂಚಣಿ ಅರ್ಧವಾಯಿತು, ಈ ಪಿಂಚಣಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿ ದಿಂಬಿನ ಗಾತ್ರಕ್ಕೆ ಬಂದು ನಿಂತಿತು. ಈಗ ಹಲ್ಲು ಅಲ್ಲಲ್ಲಿ ಉದುರಿತ್ತು, ಹಿಂಗಾಲು ಬಿಗಿದಿತ್ತು. ಗತ್ತಿನಲ್ಲಿ ಮಾತ್ರ ಒಂದು ಕೂದಲೂ ಉದುರಿರಲಿಲ್ಲ.

ಊಟದ ಕ್ರಮ ಹೀಗೆ. ಅತ್ತೆ ತಟ್ಟೆ ತಂದು ಫ್ರಿಜ್ಜಿನ ಪಕ್ಕ ಇಡುವರು. ಪಿಂಚಣಿ ಮುಖ ಆಚೆ ತಿರುಗಿಸುವುದು. ಅತ್ತೆ ಎಡಗೈಯನ್ನು ಸೊಂಟಕ್ಕೆ ಕೊಟ್ಟು, ಕನ್ನಡಕವನ್ನು ಹಣೆಗೆ ಏರಿಸಿ, ಬಲಗೈಯ ಸೌಟನ್ನು ಅದರ ಮೂಗಿನ ಮುಂದೆ ಆಡಿಸುತ್ತಾ ಶುರು ಹಚ್ಚುವರು: "ತಿನ್ನೋದಾದ್ರೆ ತಿನ್ನು, ಇಲ್ಲಾಂದ್ರೆ ಎದ್ದು ಹೋಗು. ಕಾಲು ಹಿಡಿಯೋಕೆ ನಾನೇನು ನಿನ್ನ ಸೊಸೆನಾ? ಸೊಕ್ಕು ನೋಡು, ಮೀಸೆ ನೋಡು. ಅವರಿದ್ದಿದ್ರೆ ಕಲಸಿ ಬಾಯಿಗೆ ಇಡ್ತಿದ್ರು. ನನ್ನ ಹತ್ರ ಆ ಆಟ ನಡೆಯಲ್ಲ." ಇಷ್ಟಾದ ಮೇಲೆ ಅತ್ತೆ ಒಲೆಯ ಕಡೆ ತಿರುಗುವರು, ಪಿಂಚಣಿ ಊಟಕ್ಕೆ ಕೂರುವುದು. ಹೊತ್ತುಹೊತ್ತಿಗೂ ಇದೇ. ಬೈಗುಳವೇ ಅದಕ್ಕೆ ಉಪ್ಪಿನಕಾಯಿ ಎಂದು ಮನೆಯವರೆಲ್ಲ ನಂಬಿದ್ದರು.

ಈ ಇಡೀ ಪ್ರಸಂಗವನ್ನು ಅಳಿಯ ಚಾಚೂ ತಪ್ಪದೆ ಆಡಿ ತೋರಿಸಬಲ್ಲವನಾಗಿದ್ದ. ಅವನು ದನಿಯಿಂದ ಬದುಕಿದವನು. ರೈಲು ತಡವಾದಾಗ ವಿಷಾದಿಸುತ್ತಿದ್ದ ದನಿ ಅವನದೇ. ಸ್ಟೇಷನ್ನಿನವರು ಒಂದು ದಿನ ಎಲ್ಲ ವಿಷಾದಗಳನ್ನೂ ಒಟ್ಟಿಗೆ ರೆಕಾರ್ಡ್ ಮಾಡಿಕೊಂಡು, ದನಿಯನ್ನು ಇಟ್ಟುಕೊಂಡು ಆಸಾಮಿಯನ್ನು ಮನೆಗೆ ಕಳಿಸಿದ್ದರು. ಅಂದಿನಿಂದ ಅವನ ದನಿ ದುಡಿಯುತ್ತಿತ್ತು, ಅವನು ಮನೆಯಲ್ಲಿದ್ದ. ಬಿಡುವಿನ ವೇಳೆಯಲ್ಲಿ, ಎಂದರೆ ಎಲ್ಲ ವೇಳೆಯಲ್ಲೂ, ಮನೆ ಮಾಲೀಕ, ಔಷಧಿ ಅಂಗಡಿಯಾತ, ಮೇಲಿನ ಮನೆಯ ಸಂಗೀತದ ಮೇಷ್ಟ್ರು, ಎಲ್ಲರನ್ನೂ ಗಂಟಲಿನಲ್ಲಿ ಬಾಡಿಗೆಗೆ ಇಟ್ಟುಕೊಂಡಿದ್ದ. ಅತ್ತೆ ಅವನ ಅತಿ ದೊಡ್ಡ ಪಾತ್ರ. ಅದನ್ನು ಹೆಂಡತಿಯ ಎದುರು ಮಾತ್ರ, ಅದೂ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಆಡುತ್ತಿದ್ದ. ಅವಳು ಬಾಯಿಗೆ ಕೈಯೊತ್ತಿ ನಗುತ್ತಿದ್ದಳು.

ಹೆಂಡತಿಗೆ ಕಟ್ಟುಹಲ್ಲು ಮಾಡುವ ಕೆಲಸ. ದೂರದ ದೇಶದವರು ಅವಳ ದವಡೆ ನೋಡಿ ಮೆಚ್ಚಿ ಕರೆಸಿಕೊಂಡರು. "ಅವಳು ಮಾಡಿದ ದವಡೆ" ಎಂದು ಅಳಿಯ ಎಲ್ಲರಿಗೂ ತಿದ್ದಿ ಹೇಳಬೇಕಾಗುತ್ತಿತ್ತು. ಮೂವರೂ ಹೋಗುವುದೆಂದು ತೀರ್ಮಾನವಾದ ದಿನ ಅತ್ತೆ ಒಂದೇ ಮಾತು ಹೇಳಿದರು.

"ಮೂವರಲ್ಲ, ನಾಲ್ವರು. ಪಿಂಚಣಿ ಬರದ ಕಡೆ ನಾನಿರಲ್ಲ."

"ಅಮ್ಮ, ಅದಕ್ಕೆ ಕ್ವಾರಂಟೈನ್ ಅಂತ ಇದೆ. ಹೋದ ತಕ್ಷಣ ಮನೆಗೆ ಬಿಡಲ್ಲ, ಅವರ ಹತ್ರ ಇಟ್ಕೋತಾರೆ."

"ಇಟ್ಕೊಳ್ಳಲಿ. ಯಾರು ಯಾರನ್ನ ಇಟ್ಕೋತಾರೆ ನೋಡೋಣ."

ಅಲ್ಲಿಂದ ಅಳಿಯನ ಓಡಾಟ ಶುರುವಾಯಿತು. ಚುಚ್ಚುಮದ್ದಾಯಿತು, ರಕ್ತಪರೀಕ್ಷೆಯಾಯಿತು. ಕತ್ತಿನ ಚರ್ಮದಡಿ ಗುರುತಿನ ಚಿಪ್ ಕೂರಿಸಬೇಕೆಂದಾಗ ಅತ್ತೆ, "ಚಿಪ್ಪು ಹಾಕೋಕೆ ಅದೇನು ಆಮೆನಾ?" ಎಂದರು. ವಿಮಾನದ ಗುಮಾಸ್ತ, ನೆಗಡಿಯಾದ ಕೊಳಲಿನಂಥ ದನಿಯವನು, ಪೆಟ್ಟಿಗೆಯ ನಿಯಮ ಓದಿದ: "ಪ್ರಾಣಿಯು ಒಳಗೆ ಎದ್ದು ನಿಲ್ಲುವಂತಿರಬೇಕು, ಒಂದು ಸುತ್ತು ತಿರುಗುವಂತಿರಬೇಕು." ಅತ್ತೆ ಫೋನಿನ ಹತ್ತಿರ ಬಾಗಿ, "ಅದು ಮನೇಲೇ ಎದ್ದು ನಿಲ್ಲಲ್ಲಪ್ಪ, ನಿಮ್ಮ ಪೆಟ್ಟಿಗೇಲಿ ನಿಂತು ಯಾರಿಗೆ ಮರ್ಯಾದೆ ಕೊಡಬೇಕು?" ಎಂದರು. ಆ ಗುಮಾಸ್ತ ಅಂದೇ ಅಳಿಯನ ಗಂಟಲಿಗೆ ಸೇರಿಕೊಂಡ.

ಹೇಗೋ ತಲುಪಿದರು. ಮೂವರೂ ಹೊಸ ಮನೆಗೆ, ಪಿಂಚಣಿ ವಿಮಾನ ನಿಲ್ದಾಣದ ಹಿಂದಿನ ಕ್ವಾರಂಟೈನ್ ಕಟ್ಟಡಕ್ಕೆ. ಉದ್ದನೆಯ ಓಣಿ, ಫಿನಾಯಿಲ್ ವಾಸನೆ, ಓಣಿಯುದ್ದಕ್ಕೂ ಗಾಜಿನ ಕೋಣೆಗಳು. ನೋಡಲು ಬಂದವರು ಹಸಿರು ನಿಲುವಂಗಿ, ಹಸಿರು ಟೋಪಿ ತೊಟ್ಟು ಗಾಜಿನ ಈಚೆಗೇ ನಿಲ್ಲಬೇಕು. ಮುಟ್ಟುವಂತಿಲ್ಲ. ಮಾತಾಡುವುದಿದ್ದರೆ ಗೋಡೆಯ ಮೈಕಿನಲ್ಲಿ ಮಾತಾಡಬಹುದು.

ಪಿಂಚಣಿ ಊಟ ಮುಟ್ಟಿರಲಿಲ್ಲ. ಗಾಜಿನಾಚೆ, ತಟ್ಟೆಗೆ ಬೆನ್ನು ಹಾಕಿ, ಸೋತ ಅಭ್ಯರ್ಥಿಯ ಹಾಗೆ ಕೂತಿತ್ತು.

"ಬೈಯಿರಿ ಅತ್ತೆ," ಎಂದ ಅಳಿಯ.

ಅತ್ತೆ ಮೈಕಿನ ಮುಂದೆ ನಿಂತರು. ಮುಖ ಗಂಟಿಕ್ಕಲು ಹೋದರೆ ಗಂಟು ಕೂರಲಿಲ್ಲ. "ಬಂಗಾರ," ಎಂದರು. "ನನ್ನಪ್ಪ. ಒಂಚೂರು ತಿನ್ನೋ ಕಂದ." ಅಳಿಯ ಹೆಂಡತಿಯ ಮುಖ ನೋಡಿದ. ಆ ಶಬ್ದಗಳು ಅತ್ತೆಯ ಬಾಯಲ್ಲಿ ಇವೆ ಎಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ. ಪಿಂಚಣಿ ಬಾಲವನ್ನೂ ಅಲ್ಲಾಡಿಸಲಿಲ್ಲ.

ಅಲ್ಲಿನ ವೈದ್ಯೆ ಬಂದರು, ಪುಣ್ಯಕ್ಕೆ ಕನ್ನಡದವರೇ. ಮೃದು ಮಾತು, ಗಟ್ಟಿ ನಿಯಮ. "ವಯಸ್ಸಾದ ಬೆಕ್ಕು. ಹೆಚ್ಚು ಹೊತ್ತು ಖಾಲಿ ಹೊಟ್ಟೇಲಿ ಇಡೋ ಹಾಗಿಲ್ಲ. ನಾಳೆ ಮಧ್ಯಾಹ್ನದೊಳಗೆ ತಾನಾಗಿ ತಿನ್ನದಿದ್ರೆ ಅಸ್ವಸ್ಥ ಪ್ರಾಣಿ ಅಂತಾಗುತ್ತೆ. ಆಮೇಲೆ ದೇಶದೊಳಗೆ ಬಿಡೋಕಾಗಲ್ಲ, ಬಂದ ಕಡೆಗೇ ವಾಪಸ್ ಕಳಿಸಬೇಕು."

"ಅದು ವಾಪಸ್ ಹೋದ್ರೆ ನಾನೂ ವಾಪಸ್," ಎಂದರು ಅತ್ತೆ.

"ಎಲ್ಲಿಗಮ್ಮ? ಮನೆ ಖಾಲಿ ಮಾಡಿ ಬಂದಿದ್ದೀವಿ."

"ನನ್ನ ತಂಗಿ ಮನೆಗೆ."

ಹೆಂಡತಿಯ ಮುಖ ಬಿಳುಚಿತು. ಆ ಅಕ್ಕತಂಗಿ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಅತ್ತೆ ಅಲ್ಲಿಗೆ ಹೋಗಲೂ ಸಿದ್ಧ ಎಂದರೆ ಇದು ಬರೀ ಹೆದರಿಕೆಯ ಮಾತಲ್ಲ. ಬಸ್ಸಿನಲ್ಲಿ ಹೆಂಡತಿ ಕಿಟಕಿಗೆ ಹಣೆಯಾನಿಸಿ ಸದ್ದಿಲ್ಲದೆ ಅಳುತ್ತಿದ್ದಳು. ಅಳಿಯನಿಗೂ ಹೊಸ ಚಿಂತೆ ಹತ್ತಿತು. ಅತ್ತೆಯಿಲ್ಲದ ಮನೆಯಲ್ಲಿ ಅವನು ಯಾರನ್ನು ನೋಡಿ, ಯಾರ ಹಾಗೆ ಆಡಬೇಕು?

ಮನೆ ತಲುಪಿದ್ದೇ ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟು, ವೈದ್ಯೆಗೆ ಫೋನು ಹಚ್ಚಿದ. "ಡಾಕ್ಟ್ರೇ, ನಮ್ಮತ್ತೆ ಮಾತಾಡ್ತಾರಂತೆ. ಫೋನನ್ನ ಬೆಕ್ಕಿನ ಹತ್ರ ಹಿಡೀತೀರಾ, ಜೋರಾಗಿ ಕೇಳೋ ಹಾಗೆ?" ಆಮೇಲೆ ಗಂಟಲು ಸರಿಪಡಿಸಿಕೊಂಡು ಅತ್ತೆಯಾದ. ಸೊಸೆಯಿಂದ ಮೀಸೆಯವರೆಗೆ ಒಂದಕ್ಷರ ಬಿಡದೆ ಬೈದ. ಉಸಿರು ಎಳೆಯುವಲ್ಲಿ ಉಸಿರು, ಸೌಟು ಆಡಿಸುವಲ್ಲಿ ಬಳೆಸದ್ದಿಗೆ ಬೀಗದ ಕೈಗೊಂಚಲು. ಜೀವಮಾನದ ಪ್ರದರ್ಶನ.

"ತುಂಬ ಚೆನ್ನಾಗಿ ಬೈತಾರೆ ನಿಮ್ಮತ್ತೆ," ಎಂದರು ವೈದ್ಯೆ. "ಆದರೆ ಬೆಕ್ಕು ಕಿವಿ ಕೂಡ ನಿಮಿರಿಸಲಿಲ್ಲ."

ಮರುದಿನ ಬೆಳಿಗ್ಗೆ ಮೂವರೂ ಹಸಿರಂಗಿ ತೊಟ್ಟು ಓಣಿಯಲ್ಲಿ ನಡೆಯುತ್ತಿದ್ದಾಗ, ಪಿಂಚಣಿಯ ಪಕ್ಕದ, ಬಾಗಿಲು ತೆರೆದಿದ್ದ ಕೋಣೆಯಿಂದ ಯಾರೋ ಗದರಿಸಿದರು.

"ಕಾಲು ಹಿಡಿಯೋಕೆ ನಾನೇನು ನಿನ್ನ ಸೊಸೆನಾ?"

ಅತ್ತೆ ಗಕ್ಕನೆ ನಿಂತರು. ಪಂಜರದೊಳಗೆ, ಅವರಂತೆಯೇ ಪರದೇಶದಿಂದ ಬಂದ ಒಂದು ಗಿಳಿ ಕತ್ತು ವಾಲಿಸಿ ಇವರನ್ನೇ ನೋಡುತ್ತಿತ್ತು. "ಸೊಕ್ಕು ನೋಡು, ಮೀಸೆ ನೋಡು," ಎಂದಿತು, ಅತ್ತೆಯದೇ ದನಿಯಲ್ಲಿ.

"ನಾನು ಇಲ್ಲಿ ಬೈದೇ ಇಲ್ಲ," ಎಂದರು ಅತ್ತೆ ಮೆಲ್ಲಗೆ.

ಅಷ್ಟರಲ್ಲಿ ವೈದ್ಯೆ ನಗುತ್ತಾ ಬಂದರು. "ನಿನ್ನೆ ಫೋನಿನಲ್ಲಿ ನೀವು ಬೈದ್ರಲ್ಲಮ್ಮ, ಅದು ಇದಕ್ಕೆ ತುಂಬ ಹಿಡಿಸಿಬಿಟ್ಟಿದೆ. ಆಗಿನಿಂದ ಬಾಯಿ ಮುಚ್ಚಿಲ್ಲ."

ಅತ್ತೆ ಮೊದಲು ಮಗಳನ್ನು ನೋಡಿದರು. ಅವಳು ನೆಲದ ಟೈಲ್ಸ್ ಎಣಿಸುವವಳಂತೆ ತಲೆ ತಗ್ಗಿಸಿದಳು. ಅತ್ತೆ ಆಮೇಲೆ ಅಳಿಯನ ಕಡೆ ತಿರುಗಿದರು. ಅವನಿಗೆ ಹಸಿರಂಗಿಯೊಳಗೆ ಬೆವರಿತು.

"ಅಳಿಯಂದ್ರೇ."

"ಅತ್ತೆ."

"ಇದನ್ನ ಆಮೇಲೆ ಮಾತಾಡೋಣ."

ವೈದ್ಯೆ ಗಾಜಿನ ಕೋಣೆಯೊಳಗೆ ಹೋಗಿ ಇನ್ನೊಂದು ಸಂಗತಿ ತೋರಿಸಿದರು. ಪಿಂಚಣಿಯ ಹಿಂದೆ ನಿಂತು ಸ್ಟೀಲ್ ಬಟ್ಟಲಿಗೆ ಚಮಚದಿಂದ ಧಣಧಣ ಬಡಿದರು. ಅತ್ತ ಗಿಳಿ ಕಿರುಚಿತು, ಇತ್ತ ಯಾರದೋ ನಾಯಿ ಊಳಿಟ್ಟಿತು. ಪಿಂಚಣಿ ಆಕಳಿಸಿತು.

"ಇದಕ್ಕೆ ಕಿವಿ ಕೇಳಿಸಲ್ಲ," ಎಂದರು ವೈದ್ಯೆ ಹೊರಗೆ ಬಂದು. "ಹೊಸದಲ್ಲ ಇದು. ಬಹಳ ವರ್ಷದಿಂದ ಹೀಗೇ ಇರಬೇಕು."

ಅತ್ತೆ ಅಲ್ಲಿದ್ದ ಕುರ್ಚಿಯಲ್ಲಿ ಕೂತರು. "ಹಾಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು?"

"ನಿಮಗೆ ವ್ಯಾಯಾಮ ಆಯ್ತು ಅಂತ ಇಟ್ಕೊಳ್ಳಿ."

ಹೆಂಡತಿಗೆ ಅಳಬೇಕೋ ನಗಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಅಳಿಯ ಮಾತ್ರ ಗಾಜಿನೊಳಗೇ ನೋಡುತ್ತಿದ್ದ. ಕಿವಿ ಕೇಳಿಸದ ಬೆಕ್ಕು ಬೈಗುಳಕ್ಕೆ ಉಣ್ಣುತ್ತಿರಲಿಲ್ಲ ಎಂದ ಮೇಲೆ ಯಾವುದಕ್ಕೆ ಉಣ್ಣುತ್ತಿತ್ತು? ಅದು ಕಂಡದ್ದು ಸೊಂಟಕ್ಕೆ ಕೊಟ್ಟ ಕೈ, ಹಣೆಗೇರಿದ ಕನ್ನಡಕ, ಆಡುವ ಸೌಟು. ಇಲ್ಲಿ ಅದಕ್ಕೆ ಕಾಣುತ್ತಿದ್ದುದು ಒಂದೇ ಥರದ ಹಸಿರು ಮೂಟೆಗಳು.

"ಅತ್ತೆ, ಎದ್ದು ನಿಂತ್ಕೊಂಡು ಬೈಯಿರಿ. ಬಾಯಿ ಬೇಡ, ಬರೀ ಕೈ."

ಅತ್ತೆ ಎದ್ದರು. ಸೊಂಟದ ಮೇಲೆ ಕೈಯಿಟ್ಟರು. ಬೆಕ್ಕಿನ ಸೊರಗಿದ ಪಕ್ಕೆ ಕಂಡದ್ದೇ ಕೈ ಜಾರಿ ಕಣ್ಣೀರು ಒರೆಸಲು ಹೋಯಿತು. ಮತ್ತೆ ಇಟ್ಟರು, ಮತ್ತೆ ಜಾರಿತು. "ಆಗಲ್ಲ. ನನಗೆ ಈಗ ನಾನಾಗೋಕೆ ಆಗ್ತಿಲ್ಲ," ಎಂದು ಕೂತುಬಿಟ್ಟರು.

ಓಣಿಯ ಗಡಿಯಾರ ಮಧ್ಯಾಹ್ನದ ಕಡೆಗೆ ಸರಿಯುತ್ತಿತ್ತು. ಹೆಂಡತಿ ಗಂಡನ ತೋಳು ಚಿವುಟಿದಳು. "ನೀವು ಮಾಡ್ರಿ."

"ಇಲ್ಲೇನಾ? ಇವರೆದುರಿಗಾ?"

"ಅಡುಗೆಮನೇಲಿ ಮಾಡೋಕೆ ನಾಚಿಕೆ ಇರ್ಲಿಲ್ಲ."

ಅವನು ಅತ್ತೆಯ ಮುಖ ನೋಡಿದ. ಅದರಲ್ಲಿ ಹೂಂ ಇರಲಿಲ್ಲ, ಉಹೂಂ ಕೂಡ ಇರಲಿಲ್ಲ. ಸೌಟಿಗೆ ಬದಲು ಹೆಂಡತಿಯ ಮಡಿಚಿದ ಛತ್ರಿ ತೆಗೆದುಕೊಂಡ. ಅತ್ತೆ ತಮ್ಮ ಕನ್ನಡಕ ತೆಗೆದು ಅವನ ಕೈಗಿಟ್ಟರು. ಅದನ್ನು ಹಣೆಗೇರಿಸಿ ಗಾಜಿನ ಮುಂದೆ ನಿಂತ. ದನಿಯನ್ನೇ ನಂಬಿ ಬದುಕಿದವನಿಗೆ ಇದೊಂದು ಫಜೀತಿ, ಬಾಯಿ ತೆರೆದರೂ ಉಪಯೋಗವಿಲ್ಲ. ಎಡಗೈ ಸೊಂಟಕ್ಕೆ ಕೊಟ್ಟು, ಛತ್ರಿ ಆಡಿಸಿದ. ಸೊಸೆಯ ಮಾತು ಬರುವಲ್ಲಿ ಗದ್ದ ಮೇಲೆತ್ತಿದ. ಮೀಸೆಯ ಮಾತಿಗೆ ತುಟಿ ಓರೆಮಾಡಿದ. ಮಾವನ ಪ್ರಸ್ತಾಪ ಬರುವಲ್ಲಿ ಅತ್ತೆ ಯಾವಾಗಲೂ ಒಂದು ಕ್ಷಣ ಕೈ ನಿಲ್ಲಿಸಿ, ಸೌಟನ್ನು ಎದೆಯ ಹತ್ತಿರ ಹಿಡಿಯುತ್ತಿದ್ದರು. ಅದನ್ನೂ ಬಿಡಲಿಲ್ಲ. ಹಿಂದಿನಿಂದ ಅತ್ತೆಯ ಉಸಿರು ಒಮ್ಮೆ ತಡೆದದ್ದು ಅವನಿಗೆ ಕೇಳಿಸಿತು.

ಪಿಂಚಣಿ ತಿರುಗಿತು. ಕಣ್ಣು ಕಿರಿದು ಮಾಡಿ ನೋಡಿತು. ಬಿಗಿದ ಹಿಂಗಾಲನ್ನು ಎಳೆದುಕೊಂಡು ಎದ್ದು ತಟ್ಟೆಯವರೆಗೆ ಬಂತು. ಮೂಸಿತು. ಆಮೇಲೆ ತಲೆಯೆತ್ತಿ ಅವನನ್ನೇ ನೋಡುತ್ತಾ ಕೂತುಬಿಟ್ಟಿತು.

ಅವನು ಇನ್ನೊಮ್ಮೆ ಛತ್ರಿ ಆಡಿಸಿದ. ಬೆಕ್ಕು ಕದಲಲಿಲ್ಲ. ವೈದ್ಯೆ ಗಡಿಯಾರ ನೋಡಿಕೊಂಡರು.

"ಬೆನ್ನು ತಿರುಗಿಸಿ ಅಳಿಯಂದ್ರೇ," ಎಂದು ಹಿಂದಿನಿಂದ ದನಿ ಬಂತು. ಈ ಬಾರಿ ಅಸಲಿ ದನಿ, ಅಸಲಿ ಖಾರ. "ತಿನ್ನೋರ ಬಾಯಿ ನೋಡ್ತಾ ನಾನು ಯಾವತ್ತಾದ್ರೂ ನಿಂತಿದ್ದೀನಾ? ಬೈದ ಮೇಲೆ ಅದನ್ನ ಅದರ ಪಾಡಿಗೆ ಬಿಡಬೇಕು. ಎಲ್ಲರೂ ತಿರುಗಿ. ಡಾಕ್ಟ್ರೇ, ನೀವೂ."

ಎಲ್ಲರೂ ತಿರುಗಿದರು. ಎದುರು ಗೋಡೆಯಲ್ಲಿ ಕೈ ತೊಳೆಯುವ ವಿಧಾನದ ಚಿತ್ರಪಟವಿತ್ತು. ಹಸಿರಂಗಿಯವರೆಲ್ಲ ಅದನ್ನೇ ಭಕ್ತಿಯಿಂದ ನೋಡಿದರು. ಕುರ್ಚಿಯಲ್ಲಿ ಓರೆಯಾಗಿ ಕೂತಿದ್ದ ಅತ್ತೆ ಮಾತ್ರ ಕಳ್ಳಗಣ್ಣಿನಿಂದ ಗಾಜಿನ ಕಡೆ ನೋಡುತ್ತಿದ್ದರು. ಅಳಿಯ ಅತ್ತೆಯ ಮುಖವನ್ನೇ ಓದುತ್ತಿದ್ದ. ಮೊದಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ದವಡೆ, ಅವರಿಗೇ ಗೊತ್ತಿಲ್ಲದೆ, ಮೆಲ್ಲಗೆ ಅಗಿಯತೊಡಗಿತು.

ಬೆಕ್ಕು ಉಣ್ಣುತ್ತಿತ್ತು.

ಬಸ್ಸಿನಲ್ಲಿ ಅತ್ತೆ ತಮ್ಮ ಕನ್ನಡಕ ವಾಪಸ್ ಇಸಿದುಕೊಂಡು, ಸೆರಗಿನಿಂದ ಒರೆಸಿ ಹಾಕಿಕೊಂಡರು. ಇಳಿಯುವ ಜಾಗ ಹತ್ತಿರ ಬಂದಾಗ, "ನಾನು ಸೊಂಟ ಅಷ್ಟು ವಾಲಿಸಲ್ಲ," ಎಂದರು.

"ಸರಿ ಅತ್ತೆ."

"ಗದ್ದ ಸರಿಯಾಗಿತ್ತು."

ಕ್ವಾರಂಟೈನ್ ಮುಗಿಯುವವರೆಗೆ ಅವನು ದಿನಾ ಹೋಗಿ, ಸೊಂಟ ಕಡಿಮೆ ವಾಲಿಸಿ, ಬೈದು ಬಂದ. ಪಿಂಚಣಿಯನ್ನು ಮನೆಗೆ ತಂದ ದಿನ ಅತ್ತೆ ಹೊಸ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ತಟ್ಟೆಯಿಟ್ಟು, ಸೌಟು ಹಿಡಿದು, ತಾವೇ ಬೈದರು. ಕಿವಿ ಕೇಳಿಸದು ಎಂದು ಗೊತ್ತಿದ್ದೂ ಒಂದಕ್ಷರ ಬಿಡಲಿಲ್ಲ. ಆಮೇಲೆ ಒಲೆಯ ಕಡೆ ತಿರುಗಿ, ಗಂಟಲು ಸರಿಪಡಿಸಿಕೊಂಡರು.

"ಪ್ರಯಾಣಿಕರ ಗಮನಕ್ಕೆ. ಪಾತ್ರೆ ತೊಳೆಯಲು ಸಿಂಕಿಗೆ ಬರಬೇಕಾಗಿದ್ದ ಅಳಿಯಂದಿರು ಎಂದಿನಂತೆ ತಡವಾಗಿ ಆಗಮಿಸಲಿದ್ದಾರೆ. ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಅಳಿಯನ ಕೈಯಿಂದ ಲೋಟ ಜಾರಿತು. ಅವನದೇ ದನಿ. ವಿಷಾದದ ಕೊನೆಯಲ್ಲಿ ಅವನು ಎಳೆಯುತ್ತಿದ್ದ ಆ ಸಣ್ಣ ಎಳೆತ ಕೂಡ ಇತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಬಾಯಿಗೆ ಕೈಯೊತ್ತಿ ನಗುತ್ತಿದ್ದಳು, ಆದರೆ ಅದು ಮೊದಲ ಸಲ ಕೇಳಿದವರ ನಗುವಾಗಿರಲಿಲ್ಲ.

"ಎಷ್ಟು ವರ್ಷದಿಂದ ನಡೀತಿದೆ ಇದು?" ಎಂದ.

"ನೀವು ಸ್ನಾನಕ್ಕೆ ಹೋದಾಗೆಲ್ಲ," ಎಂದಳು ಹೆಂಡತಿ.

ಮೂವರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ತನ್ನ ಕಡೆ ಯಾರೂ ನೋಡುತ್ತಿಲ್ಲವೆಂಬುದನ್ನು ಖಚಿತಪಡಿಸಿಕೊಂಡು ಪಿಂಚಣಿ ಊಟಕ್ಕೆ ಕೂತಿತು.