ಸಕ್ಕರೆ ಬಟ್ಟಲಿನ ಸೇವಂತಿಗೆ

ಹೂವಿನ ಹಾರ, ಬಾಳೆಹಣ್ಣು ಹಿಡಿದುಕೊಂಡು ಇಂಡಿಯನ್ ಸ್ಟೋರಿನಿಂದ ಅಕ್ಷಯಾ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಪಕ್ಕದ ಮನೆ ಹಯಾಶಿಯಮ್ಮನ ಬೆಳ್ಳಿ ಸಕ್ಕರೆ ಬಟ್ಟಲು ಇವರ ಮನೆಯಲ್ಲಿ ವರಮಹಾಲಕ್ಷ್ಮಿಯಾಗಿ ಕೂತುಬಿಟ್ಟಿತ್ತು! ಒಳಗೆ ಅಕ್ಕಿ, ಬಾಯಿಗೆ ಮಾವಿನೆಲೆ, ಮೇಲೆ ಅರಿಶಿನ ಬಳಿದ ತೆಂಗಿನಕಾಯಿ, ಸುತ್ತ ಅತ್ತೆಯ ಎರಡೆಳೆ ಸರ.

"ಅತ್ತೇ, ಇದು ನಮ್ಮದಲ್ಲ!"

"ಗೊತ್ತು ಕಣೆ. ನಮ್ಮ ಬೆಳ್ಳಿ ಕಲಶ ಮೈಸೂರಿನ ಲಾಕರಿನಲ್ಲಿ ಬೆಚ್ಚಗೆ ಮಲಗಿದೆ. ಅಮ್ಮನವರನ್ನ ಸ್ಟೀಲ್ ಚೊಂಬಿನಲ್ಲಿ ಕೂರಿಸು ಅಂತೀಯಾ? ಇದರ ಮೈತುಂಬ ಸೇವಂತಿಗೆ ಇದೆ ನೋಡು, ಎಷ್ಟು ಲಕ್ಷಣವಾಗಿದೆ. ರಾಹುಕಾಲ ಬರೋದ್ರೊಳಗೆ ಆವಾಹನೆ ಮುಗಿಸಿಬಿಟ್ಟೆ."

ಆವಾಹನೆ ಮುಗಿದ ಮೇಲೆ ಮುಗೀತು. ಮಾರನೇ ದಿನ ಪೂಜೆ ಮಾಡಿ ಕದಲಿಸುವ ತನಕ ಕಲಶವನ್ನು ಯಾರೂ ಅಲುಗಾಡಿಸುವ ಹಾಗಿಲ್ಲ. ಅದರಲ್ಲೂ ವಸಂತಮ್ಮನವರು ಕೂರಿಸಿದ ಕಲಶವನ್ನು! ಮಗ ಧೀರಜ್‌ನ ಮನೆಗೆಂದು ಅಮೆರಿಕದ ಫೋರ್ಟ್ ಮಿಲ್‌ಗೆ ಬಂದು ತಿಂಗಳಾಗಿರಲಿಲ್ಲ, ಆಗಲೇ ಅಡುಗೆಮನೆಯ ಡಬ್ಬಗಳೆಲ್ಲ ಅವರ ಹೇಳಿಕೆಯಂತೆ ಜಾಗ ಬದಲಾಯಿಸಿದ್ದವು. ಧೀರಜ್‌ನನ್ನು ಕೇಳಿದರೆ ಏನಂದಾನು? "ಮೀಟಿಂಗಲ್ಲಿದೀನಿ" ಅಂತ ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಹತ್ತಿದ, ಜಾಣ.

ಆ ಬಟ್ಟಲು ಇವರ ಮನೆಗೆ ಬಂದಿದ್ದಕ್ಕೂ ಕಾರಣವಿತ್ತು. ಹಯಾಶಿಯಮ್ಮನ ಮುತ್ತಜ್ಜ ಜಪಾನಿನಲ್ಲಿ ಬೆಳ್ಳಿ ಕೆಲಸದವರು. ಟೀ ಪಾಟು, ಹಾಲಿನ ಜಗ್ಗು, ಸಕ್ಕರೆ ಬಟ್ಟಲು, ಎಲ್ಲ ಅವರ ಕೈಯಲ್ಲೇ ಆದದ್ದು. ಚಪ್ಪಟೆ ತಗಡನ್ನು ಒಳಗಿನಿಂದ ಬಡಿದು ಬಡಿದು ಹೂವೆಬ್ಬಿಸಿ, ಆ ಗುಳಿಗಳು ಕಾಣದ ಹಾಗೆ ಒಳಗೊಂದು ನುಣುಪಾದ ಪಾತ್ರೆ ಕೂರಿಸಿ, ಬಾಯಂಚಿನಲ್ಲಿ ಬೆಸೆದಿದ್ದರು. ಅಂದರೆ ಬಟ್ಟಲಿಗೆ ಎರಡು ಗೋಡೆ. ಹಯಾಶಿಯಮ್ಮನಿಗೆ ಈಗ ಕೀಲುನೋವು, ಬೆರಳು ಮಡಚೋಕೂ ಆಗದು. ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ವಾಷಿಂಗ್ಟನ್‌ನಿಂದ ಅಕ್ಕ ಬರುತ್ತಾಳೆ ಅಂತ, ಮೆತ್ತಗೆ ಒರೆಸಿಕೊಡಲು ಅಕ್ಷಯಾಳ ಕೈಗೆ ಕೊಟ್ಟಿದ್ದರು. ದಳಗಳ ಸಂದಿನ ಕಪ್ಪು ಕೊಳೆಯಲ್ಲ, ಮುತ್ತಜ್ಜ ಬೇಕೆಂದೇ ಬಿಟ್ಟ ನೆರಳು, ಅದನ್ನು ಮುಟ್ಟಬೇಡ ಅಂತ ಹೇಳಿಯೂ ಇದ್ದರು. ವಸಂತಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕದೆ ಬಿಟ್ಟದ್ದೇ ಪುಣ್ಯ.

ಸಂಜೆ ಕುಂಕುಮಕ್ಕೆ ಬಂದ ಹಯಾಶಿಯಮ್ಮನಿಗೆ ತನ್ನ ಬಟ್ಟಲಿನ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕರು. "ಇಷ್ಟು ಮರ್ಯಾದೆ ನಮ್ಮ ಮನೇಲಿ ಅದಕ್ಕೆ ಯಾವತ್ತೂ ಸಿಕ್ಕಿರಲಿಲ್ಲ." ಅಕ್ಷಯಾಗೆ ಹೋದ ಜೀವ ಬಂದಂತಾಯಿತು.

ಶನಿವಾರ ಬೆಳಿಗ್ಗೆ ನಿಜವಾದ ಗ್ರಹಚಾರ ಶುರುವಾಯಿತು. ಅಲ್ಲಾಡಬಾರದು ಅಂತ ವಸಂತಮ್ಮ ತೆಂಗಿನಕಾಯಿಯನ್ನು ಬಲವಾಗಿ ಅದುಮಿ ಕೂರಿಸಿದ್ದರು. ಈಗ ಅದು ಬರಲೊಲ್ಲದು. ತಿರುಗಿಸಿದರು, ಎಳೆದರು, "ಬಾರೇ ತಾಯಿ" ಅಂದರು. ಕಾಯೇನೋ ಬಂತು. ಬಟ್ಟಲು ಮಾತ್ರ ಕೈ ಜಾರಿ ಗ್ರಾನೈಟಿಗೆ ಬಡಿದು ಠಣ್ ಅಂತು. ಬಟ್ಟಲಿನ ಎರಡು ಹಿಡಿಗಳಲ್ಲಿ ಒಂದು ಕಳಚಿ ಉರುಳಿತು. ಹಿಡಿಯ ಪಕ್ಕದ ಸೇವಂತಿಗೆ ಒಳಕ್ಕೆ ಕುಸಿದು ಹಪ್ಪಳವಾಯಿತು.

ವಸಂತಮ್ಮ ನೆಲದ ಮೇಲೇ ಕೂತು ಅತ್ತರು. ಅಷ್ಟು ದೊಡ್ಡ ಬಾಯಿಯ ಹೆಂಗಸು ಹಾಗೆ ಅಳುವುದನ್ನು ಅಕ್ಷಯಾ ಕಂಡಿರಲೇ ಇಲ್ಲ. ಅವರ ಕೈ ಹಿಡಿದೆಬ್ಬಿಸಿ, ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು, ಇಬ್ಬರೂ ಆಗಲೇ ಪಕ್ಕದ ಮನೆಗೆ ಹೋದರು.

ಹಯಾಶಿಯಮ್ಮ ಬೈಯಲಿಲ್ಲ. ಕುಸಿದ ಹೂವಿನ ಮೇಲೆ ಹೆಬ್ಬೆರಳಾಡಿಸಿದರು. "ಇದನ್ನ ನೋಡಿಕೊಳ್ಳೋಕೆ ನಿನ್ನ ಕೈಲಾಗಲ್ಲ, ನನಗೆ ಕೊಟ್ಟುಬಿಡು ಅಂತ ಅಕ್ಕ ಎಷ್ಟೋ ವರ್ಷದಿಂದ ಹೇಳ್ತಿದ್ದಾಳೆ. ಈ ಸಲ ತಗೊಂಡು ಹೋಗ್ತಾಳೆ. ನಾನು ಯಾವ ಮುಖ ಇಟ್ಕೊಂಡು ಬೇಡ ಅನ್ನಲಿ?"

ವಾಷಿಂಗ್ಟನ್‌ನ ರಿಪೇರಿಯವನೊಬ್ಬನಿಗೆ ಫೋಟೋ ಕಳಿಸಿದರು. ಬಾಯಂಚಿನ ಬೆಸುಗೆ ಬಿಚ್ಚದೆ ಗೋಡೆಗಳ ನಡುವೆ ಕೈ ಹೋಗುವುದಿಲ್ಲ, ಬಿಚ್ಚಿ ಮತ್ತೆ ಬೆಸೆದರೆ ಕಾವಿಗೆ ಆ ಹಳೆಯ ನೆರಳೆಲ್ಲ ಹೋಗುತ್ತದೆ, ನನ್ನಿಂದಾಗದು ಅಂದ.

ಅಕ್ಷಯಾ ಹಿಡಿ ಕಳಚಿದ ಜಾಗವನ್ನೇ ನೋಡುತ್ತಿದ್ದಳು. ಅಲ್ಲಿ ಹಿಡಿಯ ಮೊಳೆ ಕೂತಿದ್ದ ಒಂದು ತೂತು. ಕೊತ್ತಂಬರಿ ಬೀಜದಷ್ಟು. ಅದರೊಳಗೆ ಕತ್ತಲು, ಕತ್ತಲಿನ ಆಚೆ ಬದಿಗೆ ಕುಸಿದ ಹೂವು. ಕಾಣದ ಜಾಗದಲ್ಲಿ ಬೆರಳ ತುದಿಯ ಸ್ಪರ್ಶ ನಂಬಿ ಕೆಲಸ ಮಾಡುವುದು ಅವಳಿಗೆ ಹೊಸದೇ? ಮೈಸೂರಿನಲ್ಲಿ ಹಲ್ಲಿನ ರೂಟ್ ಕೆನಾಲ್ ಅಂದರೆ ಡಾಕ್ಟರ್ ಅಕ್ಷಯಾ ಅನ್ನುತ್ತಿದ್ದರು ಜನ. ಇಲ್ಲಿ ಆ ಡಿಗ್ರಿ ನಡೆಯದು, ಮತ್ತೆ ಓದಬೇಕು. ಓದಲು ಸೇರುವುದಕ್ಕೂ ಮೊದಲು ಕೈಚಳಕದ ಬೆಂಚ್ ಟೆಸ್ಟ್ ಪಾಸಾಗಬೇಕು. ಒಮ್ಮೆ ಹೋಗಿದ್ದಳು. ಕೈ ಗಡಗಡ ನಡುಗಿತ್ತು. ಫೇಲಾಗಿ ಬಂದವಳು ಉಪಕರಣಗಳ ಪೆಟ್ಟಿಗೆಯನ್ನು ಕ್ಲಾಸೆಟ್ಟಿನ ಮೇಲಕ್ಕೆ ತಳ್ಳಿ, "ನನ್ನ ಕೈ ಹೋಯ್ತು ಧೀರಜ್" ಅಂದಿದ್ದಳು. ಆಗ ಅವಳನ್ನು ಎಳೆದುಕೊಂಡು ಹೋಗಿ ಬೆಳ್ಳಿ ಕೆಲಸದ ವೀಕೆಂಡ್ ಕ್ಲಾಸಿಗೆ ಸೇರಿಸಿದ್ದು ಇದೇ ಹಯಾಶಿಯಮ್ಮ.

"ಆಂಟಿ, ನಾನು ಮಾಡ್ಲಾ?" ಎಂದಳು. ಅಂದಮೇಲೆ ತನಗೇ ಹೆದರಿಕೆಯಾಯಿತು.

ಹಯಾಶಿಯಮ್ಮ ಅವಳ ಮುಖ ನೋಡಿದರು. "ಮಾಡು. ಹೇಗಿದ್ರೂ ಹೋಗೋ ಬಟ್ಟಲು."

ಪೆಟ್ಟಿಗೆ ಕೆಳಗಿಳಿಯಿತು. ಮೊದಲು ಒಂದು ತಾಮ್ರದ ತಗಡಿನಲ್ಲಿ ಅದೇ ಹೂವನ್ನು ಎಬ್ಬಿಸಿ, ಜಜ್ಜಿ, ಮತ್ತೆ ಎಬ್ಬಿಸಿ ಅಭ್ಯಾಸ ಮಾಡಿದಳು. ಒಂದು ಉಕ್ಕಿನ ಕಡ್ಡಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ತುದಿಯನ್ನು ಗೀರು ಬೀಳದ ಹಾಗೆ ಉಜ್ಜಿ ನುಣ್ಣಗೆ ಮಾಡಿಕೊಂಡಳು. ಆಮೇಲೆ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕೂತು, ಕಡ್ಡಿಯನ್ನು ತೂತಿನೊಳಗೆ ಇಳಿಸಿದಳು.

ಕೈ ನಡುಗಿತು. ಕಡ್ಡಿ ಹೊರಗೆಳೆದು ಕಣ್ಣು ಮುಚ್ಚಿಕೊಂಡಳು. ದೂರದಲ್ಲಿ ಕೂತ ವಸಂತಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ಕಣ್ಣು ಮುಚ್ಚಿಕೊಂಡೇ ಅಕ್ಷಯಾ ಮತ್ತೆ ಕಡ್ಡಿ ಇಳಿಸಿದಳು. ಈಗ ತುದಿಗೆ ಒಂದು ಉಬ್ಬು ತಾಕಿತು. ಅದೇ, ಕುಸಿದ ಹೂವಿನ ಬೆನ್ನು. ಮುತ್ತಜ್ಜನ ಸುತ್ತಿಗೆಯ ಗುರುತುಗಳೆಲ್ಲ ಅಲ್ಲಿ ಸಾಲಾಗಿ ಸಿಕ್ಕವು. ಅವರು ಎಲ್ಲೆಲ್ಲಿ ಒತ್ತಿದ್ದರೋ ಅಲ್ಲಲ್ಲೇ, ಅದೇ ದಿಕ್ಕಿಗೆ, ಚೂರು ಚೂರೇ ಒತ್ತುತ್ತ ಹೋದಳು. ಹಲ್ಲಿನ ಬೇರಿನೊಳಗೆ ಹೋಗುವಾಗಿನ ಅದೇ ತಾಳ್ಮೆ, ಅದೇ ಉಸಿರು. ಎಲ್ಲಿಗೂ ಹೋಗಿರಲಿಲ್ಲ ಅವಳ ಕೈ! ಒಂದು ದಳ ಎದ್ದಿತು. ಇನ್ನೊಂದು ಎದ್ದಿತು. ವಾರವಿಡೀ ಹಗಲು ಕೂತು ಹೂವನ್ನು ಪೂರ್ತಿ ಎಬ್ಬಿಸಿದಳು. ಹಿಡಿಯನ್ನು ಕಾವು ತೋರಿಸದೆ ಹಳೆಯ ಮೊಳೆಯಲ್ಲೇ ಸಿಕ್ಕಿಸಿದಳು.

ಬಟ್ಟಲು ವಾಪಸ್ ಕೊಡುವಾಗ ವಸಂತಮ್ಮ, "ಖಾಲಿ ಪಾತ್ರೆ ಕೊಡಬಾರದು" ಅಂತ ಕಲ್ಲುಸಕ್ಕರೆ ತುಂಬಿದರು. ಈ ಸಲ ಬಹಳ ನಾಜೂಕಾಗಿ ತುಂಬಿದರು.

ಭಾನುವಾರದ ಟೀಗೆ ಇವರನ್ನೂ ಕರೆದಿದ್ದರು. ಅಕ್ಕ ಮಿಚಿಕೊ, ಕಡ್ಡಿಯಂಥ ಮುದುಕಿ, ಎಲ್ಲವನ್ನೂ ಕನ್ನಡಕದ ಮೇಲಿನಿಂದಲೇ ನೋಡುವವಳು. ಟೀ ಬಗ್ಗಿಸಿಕೊಡುತ್ತ ಹಯಾಶಿಯಮ್ಮ ಒಂದಿಷ್ಟೂ ಮುಚ್ಚಿಡಲಿಲ್ಲ. "ಬಟ್ಟಲು ಬಿದ್ದು ಒಂದು ಹೂವು ನಜ್ಜುಗುಜ್ಜಾಗಿತ್ತು. ಈ ಹುಡುಗಿ ಸರಿ ಮಾಡಿದಳು. ಯಾವ ಹೂವು ಅಂತ ಕಂಡುಹಿಡಿದರೆ ಇಡೀ ಸೆಟ್ಟು ನಿನಗೆ."

ಮಿಚಿಕೊ ಬಟ್ಟಲನ್ನು ಕಿಟಕಿಗೆ ಹಿಡಿದು ತಿರುಗಿಸಿದಳು. ಉಗುರಿನಿಂದ ತಡವಿದಳು. ಕೊನೆಗೆ, ಸಿಕ್ಕಿತು ಅನ್ನುವ ಹಾಗೆ ತುಟಿಯಂಚಿನಲ್ಲಿ ನಕ್ಕು ಬೆರಳಿಟ್ಟಳು. "ಇದು. ದಳ ಸ್ವಲ್ಪ ಸೊಟ್ಟಗಿದೆ. ನಮ್ಮ ಮುತ್ತಜ್ಜನ ಕೈ ಹೀಗಿರಲಿಲ್ಲ."

"ಅದು ಮುತ್ತಜ್ಜನದೇ!" ಅಂದರು ಹಯಾಶಿಯಮ್ಮ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಯಾರೂ ಕನ್ನಡದಲ್ಲಿ ಹೇಳಿಕೊಡದಿದ್ದರೂ ವಸಂತಮ್ಮನಿಗೆ ಎಲ್ಲ ಅರ್ಥವಾಗಿತ್ತು. ಎದ್ದು ನಿಂತು ಸೊಸೆಯ ಬೆನ್ನು ತಟ್ಟಿ, "ಮೈ ಡಾಟರ್ ಇನ್ ಲಾ! ಡಾಕ್ಟರ್!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಸಾರಿದರು.

ಮಿಚಿಕೊ ಬಟ್ಟಲನ್ನು ತಂಗಿಯ ಮುಂದೆ ಇಟ್ಟಳು. "ಇಲ್ಲೇ ಇರಲಿ" ಎಂದಳು. ಆಮೇಲೆ ಅಕ್ಷಯಾಳ ಕಡೆ ತಿರುಗಿ ಅಂಗೈ ಚಾಚಿದಳು. "ಎಲ್ಲಿ, ಆ ಕೈ ತೋರಿಸು."

ಅಕ್ಷಯಾ ಎರಡೂ ಕೈ ಮುಂದೆ ಹಿಡಿದಳು. ಒಂದಿಷ್ಟೂ ನಡುಗಲಿಲ್ಲ. ಹಾಗೆಯೇ ಹಿಡಿದುಕೊಂಡು ಪಕ್ಕದಲ್ಲಿದ್ದ ಗಂಡನಿಗೆ ಹೇಳಿದಳು:

"ಧೀರಜ್, ಬೆಂಚ್ ಟೆಸ್ಟಿಗೆ ಅಪ್ಲೈ ಮಾಡ್ತೀನಿ. ಈ ಸಲ ಪಾಸಾಗ್ತೀನಿ ನೋಡು."